ಪಿಸ್ತೂಲು: ಮನೆಮಾತಾಗದ ಒಂದು ಪದ

ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ‘ನಾಡ ಪಿಸ್ತೂಲು’ ಎಂಬ ಮಾತು ಆಗಾಗ ಬರುತ್ತದೆ. ನಾಡ ಪಿಸ್ತೂಲು ವಶ, ಜೊತೆಗೆ ಇಷ್ಟು ಜೀವಂತ ಗುಂಡುಗಳು ವಶ ಎಂಬ ಬಗೆಯ ತಲೆಬರಹವನ್ನು ಒಮ್ಮೆಯೂ ಓದದ ಕನ್ನಡಿಗರು ಕಡಿಮೆ. ನಾಡಗೀತೆ, ನಾಡಹಬ್ಬ, ನಾಡದೇವಿ ಎನ್ನುವಾಗ ಅಭಿಮಾನದಿಂದ ಬರುವ ‘ನಾಡು’ ಪಿಸ್ತೂಲಿನ ಹಿಂದೆ ಬಂದು ನಿಂತರೆ ಅರ್ಥವೇ ಬೇರೆಯಾಗುತ್ತದೆ. ಅಲ್ಲಿ ಅದು ಕಳ್ಳತನದಲ್ಲಿ ತಯಾರಾದದ್ದು, ಲೈಸೆನ್ಸ್ ಇಲ್ಲದ್ದು. ‘ಜೀವಂತ ಗುಂಡು’ ಎಂಬ ಮಾತಂತೂ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿದು ಬಂದದ್ದು. ಕೊಲ್ಲುವ ವಸ್ತುವಿಗೆ ಜೀವ ಇದೆ ಎಂದು ಹೇಳುವ ಆ ಮಾತನ್ನು ನಾವು ಎಷ್ಟು ಓದಿದ್ದೇವೆಂದರೆ ಅದರ ವಿಚಿತ್ರ ಈಗ ಕಣ್ಣಿಗೆ ಬೀಳುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಆಡುಮಾತಿನಲ್ಲಿ ಸೇರಿಕೊಂಡಿರುವ ಅನ್ಯದೇಶ್ಯ ಪದಗಳ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ. ಹೊಲ, ಮನೆ, ಕಚೇರಿ, ಗಣಿ, ರೈಲು ಹೀಗೆ ಒಂದೊಂದು ಕ್ಷೇತ್ರದ ಪದಗಳನ್ನು ಬೇರೆ ಬೇರೆ ಪಟ್ಟಿ ಮಾಡುತ್ತಾ ಬಂದಾಗ ಆಯುಧಗಳ ಪಟ್ಟಿಯಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಉದ್ದ ನಳಿಗೆಯ ಬಂದೂಕಿಗೆ ಕನ್ನಡದಲ್ಲಿ ಹೆಸರುಗಳ ಗುಂಪೇ ಇದೆ. ಅದರ ಒಂದೊಂದು ಭಾಗಕ್ಕೂ ಮನೆಯ ಮಾತೇ ಇದೆ. ಕೈಯಲ್ಲಿ ಹಿಡಿಯುವ ಸಣ್ಣ ಬಂದೂಕಿಗೆ ಮಾತ್ರ ಪರದೇಶದಿಂದ ಬಂದ ಹೆಸರಷ್ಟೇ ಇದೆ, ಅದೂ ಬಂದಾಗ ಎಷ್ಟು ಪರಕೀಯವಾಗಿತ್ತೋ ಹೆಚ್ಚುಕಡಿಮೆ ಇಂದಿಗೂ ಅಷ್ಟೇ ಪರಕೀಯವಾಗಿದೆ. ಹೀಗೇಕೆ ಎಂಬುದೇ ಈ ಬರಹದ ಪ್ರಶ್ನೆ.

ಮೊದಲು ಈ ಐದು ಊರುಗಳ ಬಗ್ಗೆ ಒಂದು ಮಾತು. ಇದು ಭಾಷೆಗಳು ಒಂದರ ಮೈಗೆ ಇನ್ನೊಂದು ತಾಗಿಕೊಂಡು ಬದುಕುವ ಸೀಮೆ. ಸೇಡಂ ದಾಟಿದರೆ ತಾಂಡೂರು. ತಾಂಡೂರು, ಕೊಡಂಗಲ್ ತಾಲ್ಲೂಕುಗಳು 1956ರವರೆಗೆ ಗುಲ್ಬರ್ಗ ಜಿಲ್ಲೆಯಲ್ಲೇ ಇದ್ದವು. ಭಾಷಾವಾರು ವಿಂಗಡಣೆಯಲ್ಲಿ ಅವು ಆಂಧ್ರಕ್ಕೆ ಹೋದವು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಮೊದಲು ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನ. ಕಚೇರಿ, ಕೋರ್ಟು, ಪೊಲೀಸ್ ಠಾಣೆಯ ಭಾಷೆ ಉರ್ದು. ಬೊಂಬಾಯಿಯಿಂದ ಬಂದ ರೈಲು ಹಳಿ ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ ನಿಜಾಮರ ಹಳಿ ಬಿತ್ತು. ಚಿಂಚೋಳಿಗೆ ಮಾತ್ರ ರೈಲು ಬರಲಿಲ್ಲ, ಅದಕ್ಕೆ ಕಾಡು ಇತ್ತು. ಹೀಗಾಗಿ ಮರಾಠಿ, ತೆಲುಗು, ದಖನಿ ಉರ್ದು ಮೂರೂ ಇಲ್ಲಿನ ಕನ್ನಡದೊಳಗೆ ಸಲೀಸಾಗಿ ಓಡಾಡುತ್ತವೆ.

ಈಗ ಉದ್ದ ಬಂದೂಕಿನ ಹೆಸರುಗಳನ್ನು ನೋಡೋಣ. ಅಚ್ಚಗನ್ನಡದ್ದು ಎನ್ನಬಹುದಾದ ಪದ ‘ಕೋವಿ’. ಕಿಟೆಲ್ಲರ 1894ರ ನಿಘಂಟಿನಲ್ಲಿ ಅದಕ್ಕೆ ಕೊಳವೆ ಎಂಬ ಅರ್ಥವೂ ಇದೆ, ಬಂದೂಕು ಎಂಬ ಅರ್ಥವೂ ಇದೆ. ಬರೋ ಮತ್ತು ಎಮನೋ ಸಿದ್ಧಪಡಿಸಿದ ದ್ರಾವಿಡ ಪದಮೂಲ ನಿಘಂಟಿನ ದಾರಿ ಹಿಡಿದು ನೋಡಿದರೆ ಕೊಳಲು, ಕೊಳವೆ, ಕೋವಿ ಎಲ್ಲ ಒಂದೇ ಕುಲದ ಪದಗಳು. ತೆಲುಗಿನಲ್ಲಿ ‘ಕ್ರೋವಿ’ ಎಂದರೆ ಕೊಳವೆ, ‘ಪಿಲ್ಲನಗ್ರೋವಿ’ ಎಂದರೆ ಕೃಷ್ಣನ ಕೈಯ ಕೊಳಲು. ಅಂದರೆ ಗಡಿಯ ಆಚೆ ಕೊಳಲಾಗಿ ಉಳಿದ ಪದವೇ ಈಚೆ ಬಂದೂಕಾಯಿತು. ಹೊಸ ವಸ್ತು ಕಂಡಾಗ ನಮ್ಮವರು ಅದರ ಸದ್ದನ್ನಾಗಲಿ ಸಾವನ್ನಾಗಲಿ ಹೆಸರಿಸಲಿಲ್ಲ, ಅದರ ಆಕಾರವನ್ನು ಹೆಸರಿಸಿದರು. ಒಳಗೆ ಟೊಳ್ಳು, ಎರಡೂ ಕಡೆ ದಾರಿ: ಅದು ಕೋವಿ.

‘ತುಪಾಕಿ’ ಅಥವಾ ‘ತುಬಾಕಿ’ ದೂರದಿಂದ ಬಂದದ್ದು. ತೆಲುಗಿನಲ್ಲಿ ತುಪಾಕಿ, ತಮಿಳಿನಲ್ಲಿ ತುಪ್ಪಾಕ್ಕಿ. ಪರ್ಷಿಯನ್‌ನಲ್ಲಿ ತುಫಂಗ್, ತುರ್ಕಿಯಲ್ಲಿ ತುಫೆಕ್. 11ನೇ ಶತಮಾನದಲ್ಲಿ ಮಹಮೂದ್ ಕಾಶ್ಗರಿ ಎಂಬ ವಿದ್ವಾಂಸ ತುರ್ಕಿ ನುಡಿಗಳ ನಿಘಂಟೊಂದನ್ನು ಬರೆದ. ಆಗಿನ್ನೂ ಆ ಸೀಮೆಯಲ್ಲಿ ಬಂದೂಕು ಇರಲಿಲ್ಲ, ಆದರೆ ಪದ ಇತ್ತು. ಮರದ ಹಸಿ ತೊಗಟೆಯಿಂದ ಮಾಡಿದ, ಸಣ್ಣ ಹಕ್ಕಿಗಳನ್ನು ಹೊಡೆಯಲು ಬಾಯಿಯಿಂದ ಗುಂಡು ಊದುವ ನಳಿಗೆಗೆ ಆ ಹೆಸರು. ಇಲ್ಲಿಯೂ ಮೊದಲು ಕೊಳವೆ, ಆಮೇಲೆ ಬಂದೂಕು.

‘ಬಂದೂಕು’ ಇನ್ನೊಂದು ಕಥೆ. ಅರಬ್ಬಿಯ ‘ಬುಂದುಕ್’ ಎಂದರೆ ಹೇಜಲ್ ಎಂಬ ಕಾಯಿ. ಕಪ್ಪು ಸಮುದ್ರದ ದಂಡೆಯ ಪೊಂಟಸ್ ಸೀಮೆಯಿಂದ ಬರುತ್ತಿದ್ದ ಆ ಕಾಯಿಯನ್ನು ಗ್ರೀಕರು ಪೊಂಟಸ್‌ನ ಕಾಯಿ ಎಂದು ಕರೆದರು, ಆ ಹೆಸರೇ ಪರ್ಷಿಯನ್ ದಾಟಿ ಅರಬ್ಬಿಗೆ ಬಂತು. ಕಾಯಿಯಂತೆ ದುಂಡಗಿನ ಮಣ್ಣಿನ ಅಥವಾ ಲೋಹದ ಉಂಡೆಗೂ ಅದೇ ಹೆಸರಾಯಿತು. ಉಂಡೆ ಹಾರಿಸುವ ಬಿಲ್ಲು ಮೊದಲು ಬಂತು, ಆಮೇಲೆ ಉಂಡೆ ಹಾರಿಸುವ ಬಂದೂಕು ಬಂತು. ಹೀಗೆ ನಮ್ಮ ಕಡೆಯವರ ಬಾಯಲ್ಲಿರುವ ‘ಬಂದೂಕ’ ಒಂದು ಕಾಯಿಯ ಹೆಸರು. ‘ತೋಫು’ ತುರ್ಕಿಯಲ್ಲಿ ಚೆಂಡು. ‘ಫಿರಂಗಿ’ ಎಂದರೆ ಫ್ರಾಂಕ್ ಜನ, ಅಂದರೆ ಯುರೋಪಿನವರು. ಅಲ್ಲಿ ವಸ್ತುವನ್ನೇ ಬಿಟ್ಟು ತಂದವರ ಹೆಸರನ್ನು ಇಟ್ಟಿದ್ದೇವೆ.

ಈ ಹೆಸರುಗಳ ಹಿಂದೆ ಓಡಾಡಿದ ಜನರೂ ಇದ್ದಾರೆ. ವಿಜಯಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಫನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ‘ರೂಮಿ’ ಎಂದರೆ ತುರ್ಕರ ಆಟೊಮನ್ ಸೀಮೆಯವನು. ತೋಫು ಎಂಬ ತುರ್ಕಿ ಮಾತು ದಖನ್ನಿಗೆ ಗಾಳಿಯಲ್ಲಿ ತೇಲಿ ಬರಲಿಲ್ಲ, ಇಂತಹ ಕಸುಬುದಾರರ ಜೊತೆ ಬಂತು. ನಮ್ಮ ಸೇಡಂನಿಂದ ದಕ್ಷಿಣಕ್ಕಿರುವ ರಾಯಚೂರಿನಲ್ಲಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ಯುದ್ಧ ನಡೆದಾಗ ಕ್ರಿಸ್ಟೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಚಿಕ್ಕ ತಂಡ ಕೋಟೆಯ ಗೋಡೆ ಕಾಯುತ್ತಿದ್ದವರನ್ನು ಬಂದೂಕಿನಿಂದ ಉರುಳಿಸಿತೆಂದು ನ್ಯೂನಿಜ್ ಬರೆದಿದ್ದಾನೆ. ತುರ್ಕರು ಒಂದು ಕಡೆಯಿಂದ, ಪೋರ್ಚುಗೀಸರು ಇನ್ನೊಂದು ಕಡೆಯಿಂದ, ನಡುವೆ ನಮ್ಮ ಸೀಮೆ.

ಬಂದೂಕು ಹೊರಗಿನಿಂದ ಬಂದರೂ ಅದರ ಅಂಗಾಂಗಗಳಿಗೆ ಜನ ತಮ್ಮ ಮನೆಯ ಮಾತನ್ನೇ ಕೊಟ್ಟರು. ಒತ್ತುವ ಭಾಗ ‘ಕುದುರೆ’, ಅದನ್ನೇ ಉರ್ದುವಿನಲ್ಲಿ ‘ಘೋಡಾ’ ಎನ್ನುತ್ತಾರೆ. ತುಂಬುವ ಪುಡಿ ‘ಮದ್ದು’. ಔಷಧಕ್ಕೂ ಸಿಡಿಮದ್ದಿಗೂ ಒಂದೇ ಪದ ಇರುವುದು ಕನ್ನಡದಲ್ಲಷ್ಟೇ ಅಲ್ಲ. ತಮಿಳಿನ ‘ಮರುಂದು’ ಹಾಗೆಯೇ ಇದೆ, ಪರ್ಷಿಯನ್‌ನ ‘ದಾರು’ ಹಾಗೆಯೇ ಇದೆ. ಸಿಡಿಮದ್ದನ್ನು ಮೊದಲು ಕಂಡುಕೊಂಡ ಚೀನಿಯರು ಅದನ್ನು ಬೆಂಕಿಯ ಔಷಧ ಎಂದೇ ಕರೆದರು. ದಾರು ಎಂದರೆ ನಮ್ಮ ಕಡೆ ಈಗ ಸಾರಾಯಿ. ಇತ್ತ ‘ಗುಂಡು’ ಕೂಡ ಬಂದೂಕಿನಿಂದ ಜಾರಿ ಗ್ಲಾಸಿಗೆ ಬಿದ್ದಿದೆ. ಬಂದೂಕಿನ ಎರಡು ಪದಗಳು ಎರಡು ಭಾಷೆಗಳಲ್ಲಿ ಬೇರೆ ಬೇರೆ ದಾರಿ ಹಿಡಿದು ಒಂದೇ ಅಂಗಡಿಗೆ ಬಂದು ಸೇರಿವೆ. ನಿಜಾಮರ ಸೀಮೆಯಲ್ಲಿ ‘ಭರ್ಮಾರ್’ ಎಂಬ ಇನ್ನೊಂದು ಹೆಸರಿತ್ತು. ಬಾಯಿಂದ ಮದ್ದು ತುಂಬಿ ಹೊಡೆಯುವ ಹಳೆಯ ನಾಟಿ ಬಂದೂಕು ಅದು. ‘ಭರ್’ ಎಂದರೆ ತುಂಬು, ‘ಮಾರ್’ ಎಂದರೆ ಹೊಡೆ. ಬಳಸುವ ಕ್ರಮವೇ ಹೆಸರಾಗಿದೆ. ವಸ್ತುವನ್ನು ಕೈಯಲ್ಲಿ ಹಿಡಿದು ದಿನಾ ಬಳಸಿದ ಜನ ಮಾತ್ರ ಹೀಗೆ ಹೆಸರಿಡಬಲ್ಲರು.

ಇನ್ನು ಪಿಸ್ತೂಲಿನ ಮಾತಿಗೆ ಬರೋಣ. ಯುರೋಪಿನಲ್ಲಿ ಈ ಪದದ ಮೂಲದ ಬಗ್ಗೆ ಎರಡು ವಾದಗಳಿವೆ. 16ನೇ ಶತಮಾನದ ಫ್ರೆಂಚ್ ವಿದ್ವಾಂಸ ಆನ್ರಿ ಎಸ್ತಿಯೆನ್ ಇದನ್ನು ಇಟಲಿಯ ಪಿಸ್ತೋಯಾ ಎಂಬ ಊರಿಗೆ ಜೋಡಿಸಿದ. ಆ ಊರು ಸಣ್ಣ ಕಠಾರಿಗಳಿಗೆ ಹೆಸರಾಗಿತ್ತು, ಚಿಕ್ಕ ಕಠಾರಿಯ ಹೆಸರು ಚಿಕ್ಕ ಬಂದೂಕಿಗೆ ದಾಟಿತು ಎಂಬುದು ಅವನ ವಾದ. ಈಗ ಹೆಚ್ಚು ಜನ ಒಪ್ಪುವುದು ಎರಡನೆಯದನ್ನು. ಇಂದಿನ ಚೆಕ್ ದೇಶದ ಬೊಹೆಮಿಯಾದಲ್ಲಿ 1419ರಿಂದ 1434ರವರೆಗೆ ಹುಸ್ಸೈಟ್ ಯುದ್ಧಗಳು ನಡೆದವು. ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳಾದ ರೈತರು, ಪಟ್ಟಣಿಗರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಮರೆಯಿಂದ ಕೈಬಂದೂಕು ಹಾರಿಸಿ ಕುದುರೆ ಸವಾರರ ಸೈನ್ಯವನ್ನು ತಡೆದರು. ಆ ಬಂದೂಕನ್ನು ಅವರು ‘ಪೀಷ್ಟಾಲಾ’ ಎಂದು ಕರೆಯುತ್ತಿದ್ದರು. ಚೆಕ್ ಭಾಷೆಯಲ್ಲಿ ಅದರ ಅರ್ಥ ಪೀಪಿ, ಕೊಳಲು. ಅದು ಜರ್ಮನ್, ಫ್ರೆಂಚ್ ದಾಟಿ ಬೇರೆ ಭಾಷೆಗಳಿಗೆ ಹೋಯಿತು.

ಈ ವಾದ ಸರಿಯಾದರೆ ಬೊಹೆಮಿಯಾದ ರೈತನೂ ಕರ್ನಾಟಕದ ರೈತನೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಕೆಲಸ ಮಾಡಿದ್ದಾರೆ. ಇಬ್ಬರೂ ಬಂದೂಕನ್ನು ನೋಡಿ ಕೊಳಲಿನ ನೆಂಟ ಎಂದುಕೊಂಡಿದ್ದಾರೆ. ಅವರಲ್ಲಿ ಅದು ಪಿಸ್ತೂಲಾಯಿತು, ನಮ್ಮಲ್ಲಿ ಕೋವಿಯಾಯಿತು.

ಪದ ನಮ್ಮ ಬಳಿ ಹೇಗೆ ಬಂತು? ಪೋರ್ಚುಗೀಸರು ‘ಪಿಸ್ತೋಲ’ ಎನ್ನುತ್ತಿದ್ದರು. ಚಾವಿ, ಪಾದ್ರಿ, ಅಲಮಾರಿ, ಬಟಾಟಿ ಇವೆಲ್ಲ ಪಶ್ಚಿಮ ಕರಾವಳಿಯ ಮೂಲಕ ನಮಗೆ ಬಂದ ಪೋರ್ಚುಗೀಸ್ ಪದಗಳೇ. ಗೋವಾದ ವಿದ್ವಾಂಸ ಸೆಬಾಸ್ಟಿಯಾವ್ ರೊಡಾಲ್ಫೊ ದಾಲ್ಗಾದೊ 1913ರಲ್ಲಿ ಏಷ್ಯಾದ ಭಾಷೆಗಳಲ್ಲಿ ಸೇರಿದ ಇಂತಹ ಪದಗಳದ್ದೇ ಒಂದು ದೊಡ್ಡ ಕೋಶ ಪ್ರಕಟಿಸಿದರು. ಪಿಸ್ತೂಲಿನ ವಿಷಯದಲ್ಲಿ ಒಂದು ಸ್ವರ ಸಾಕ್ಷಿ ಹೇಳುತ್ತದೆ. ಹಿಂದಿಯಲ್ಲಿ ‘ಪಿಸ್ತೌಲ್’, ತೆಲುಗಿನಲ್ಲಿ ‘ಪಿಸ್ತೋಲು’, ಮರಾಠಿಯಲ್ಲಿ ‘ಪಿಸ್ತೂಲ್’. ಕನ್ನಡದ ‘ತೂ’ ಮರಾಠಿಯ ಜೊತೆ ಹೋಗುತ್ತದೆ. ಆದ್ದರಿಂದ ಈ ಪದ ಕನ್ನಡಕ್ಕೆ ಪಶ್ಚಿಮದಿಂದ, ಮರಾಠಿಯ ನೆರೆಯಿಂದ ಬಂದಿರಬೇಕೆಂದು ನನ್ನ ಊಹೆ. ಇಂಗ್ಲಿಷಿನ ‘ಪಿಸ್ಟಲ್’ ನೇರವಾಗಿ ಬಂದಿದ್ದರೆ ಈ ದೀರ್ಘ ಬರಲು ಕಾರಣವಿರಲಿಲ್ಲ. ಸೇಡಂ, ತಾಂಡೂರುಗಳ ನಡುವಿನ ಗಡಿಯಲ್ಲಿ ಈಚೆ ಒಂದು ಸ್ವರ, ಆಚೆ ಇನ್ನೊಂದು. ‘ಕಾರ್ತೂಸು’ ಎಂಬ ತೋಟೆಯ ಹೆಸರೂ ಯುರೋಪಿನದೇ, ಆದರೆ ಅದು ನಮಗೆ ಉರ್ದುವಿನ ವೇಷದಲ್ಲಿ ಬಂತು.

ಉರ್ದುವಿನಲ್ಲಿ ಪಿಸ್ತೂಲಿಗೆ ಇನ್ನೊಂದು ಹೆಸರಿದೆ: ‘ತಮಂಚಾ’. ಹಿಂದಿ ಸಿನಿಮಾ ನೋಡಿದವರಿಗೂ ಗೊತ್ತಿರುವ ಪದ. ಉತ್ತರ ಭಾರತದ ಪತ್ರಿಕೆಗಳಲ್ಲಿ ಇದು ನಮ್ಮ ನಾಡ ಪಿಸ್ತೂಲಿನ ಜಾಗದಲ್ಲಿ ನಿಲ್ಲುತ್ತದೆ. ತುರ್ಕಿಯಲ್ಲಿ ಇದು ‘ತಬಂಜಾ’. ಪರ್ಷಿಯನ್ ನಿಘಂಟುಗಳಲ್ಲಿ ‘ತಪಂಚಾ’ ಎಂದರೆ ಪಿಸ್ತೂಲು, ಅದರ ಅಕ್ಕಪಕ್ಕದ ‘ತಬಾಂಚಾ’ ಎಂದರೆ ಕಪಾಳಕ್ಕೆ ಏಟು. ಉರ್ದುವಿನಲ್ಲಿ ಕಪಾಳದ ಏಟಿಗೆ ಇಂದಿಗೂ ‘ತಮಾಚಾ’ ಎನ್ನುತ್ತಾರೆ. ತಮಾಚಾ, ತಮಂಚಾ: ನಡುವೆ ಇರುವುದು ಒಂದು ಅನುಸ್ವಾರ. ಕೆಲವರು ಈ ನಂಟನ್ನು ಒಪ್ಪದೆ, ತುಫಂಗ್ ಪದಕ್ಕೆ ಕಿರಿದು ಎಂಬ ಅರ್ಥದ ‘ಚಾ’ ಸೇರಿ, ‘ಸಣ್ಣ ಬಂದೂಕು’ ಎಂಬಂತೆ ಇದು ಬಂದಿರಬೇಕೆನ್ನುತ್ತಾರೆ. ಅಫ್ಘಾನಿಸ್ತಾನದ ದರಿ ಭಾಷೆಯಲ್ಲಿ ಪಿಸ್ತೂಲಿಗೆ ‘ತುಫಂಗ್‌ಚಾ’ ಎಂದೇ ಹೆಸರು. ಮೂಲ ಯಾವುದೇ ಇರಲಿ, ಕೇಳುವ ಕಿವಿಗೆ ಎರಡೂ ಪದಗಳು ಒಟ್ಟಿಗೇ ಕೇಳುತ್ತವೆ. ಕೋವಿ ಆಕಾರ ಹೇಳಿತು, ಬಂದೂಕು ಗುಂಡನ್ನು ಹೇಳಿತು, ಫಿರಂಗಿ ತಂದವರನ್ನು ಹೇಳಿತು. ತಮಂಚಾದ ನೆರೆಯಲ್ಲಿ ಮಾತ್ರ ಒಂದು ಕೈ ಕಾಣುತ್ತದೆ, ಒಂದು ಕೆನ್ನೆ ಕಾಣುತ್ತದೆ. ಪಿಸ್ತೂಲು ಬೇಟೆಯ ಸಾಧನವಲ್ಲ, ಬೆಳೆ ಕಾಯುವ ಸಾಧನವೂ ಅಲ್ಲ. ಅದು ತೋಳಿನಳತೆಯ ದೂರದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಎದುರು ಹಿಡಿಯುವ ವಸ್ತು.

ಈಗ ಮೊದಲಿನ ಪ್ರಶ್ನೆ. ಬಂದೂಕಿಗೆ ಮನೆಯ ಹೆಸರುಗಳನ್ನು ಕೊಟ್ಟ ಜನ ಪಿಸ್ತೂಲಿಗೆ ಯಾಕೆ ಕೊಡಲಿಲ್ಲ?

ಒಂದು ಕಾರಣ ಯಂತ್ರದಲ್ಲೇ ಇದೆ. ಹಳೆಯ ಬಂದೂಕು ಹಾರಬೇಕಾದರೆ ಹೊತ್ತಿಸಿದ ಬತ್ತಿ ಬೇಕು. ಹೊಗೆಯಾಡುವ ಬತ್ತಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳಲು ಆಗುವುದಿಲ್ಲ. ಬತ್ತಿಯಿಲ್ಲದೆ ಕಿಡಿ ಹೊರಡಿಸುವ ಉಪಾಯ ಸಿಕ್ಕ ಮೇಲೆಯೇ ಬಂದೂಕು ಚಿಕ್ಕದಾಗಿ ಅಂಗಿಯೊಳಗೆ ಸೇರಿತು. 16ನೇ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಉಕ್ಕಿನ ಚಕ್ರ ತಿರುಗಿ ಕಲ್ಲಿಗೆ ಉಜ್ಜಿ ಕಿಡಿ ಕೊಡುವ ಯಂತ್ರ ಬಂತು. ಇಂದಿನ ಸಿಗರೇಟ್ ಲೈಟರ್ ಕೆಲಸ ಮಾಡುವುದು ಹೆಚ್ಚುಕಡಿಮೆ ಹೀಗೆಯೇ. ಅದು ಬಂದ ಕೆಲವೇ ವರ್ಷಗಳಲ್ಲಿ, 1517ರಲ್ಲಿ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ತನ್ನ ಸೀಮೆಯಲ್ಲಿ ಇಂತಹ ಬಂದೂಕುಗಳನ್ನು ನಿಷೇಧಿಸಿದ. ಕಾಣುವ ಬಂದೂಕಿಗೆ ಅಂಜದ ಅರಸ ಕಾಣದ ಬಂದೂಕಿಗೆ ಅಂಜಿದ. ನಮ್ಮಲ್ಲಿ ಬತ್ತಿ ಬಂದೂಕೇ 18ನೇ ಶತಮಾನ ದಾಟಿ ಉಳಿಯಿತು. ಕಿಡಿಕಲ್ಲಿನ ಪಿಸ್ತೂಲುಗಳು ಅರಮನೆಗೆ ಸೀಮಿತವಾದವು. ಟಿಪ್ಪು ಸುಲ್ತಾನನಿಗಾಗಿ ತಯಾರಾದ ಪಿಸ್ತೂಲುಗಳ ಜೋಡಿಯಲ್ಲಿ ಒಂದರ ಕುದುರೆ ಬಲಕ್ಕಿದ್ದರೆ ಇನ್ನೊಂದರದು ಎಡಕ್ಕೆ, ಮೈತುಂಬ ಹುಲಿಯ ಕುರುಹು. ನೋಡಲು ಸೊಗಸು, ಆದರೆ ಅದು ರೈತನ ಗೋಡೆಯ ಗೂಟಕ್ಕೆ ತೂಗುವ ವಸ್ತುವಾಗಿರಲಿಲ್ಲ.

ಎರಡನೆಯ ಕಾರಣ ಕಾನೂನು. ಯಂತ್ರ ಸುಧಾರಿಸಿ ಪಿಸ್ತೂಲು ಸಾಮಾನ್ಯರ ಕೈಗೆ ಎಟುಕಬಹುದಾಗಿದ್ದ ಹೊತ್ತಿಗೆ ಸರಿಯಾಗಿ ಆಯುಧಗಳನ್ನು ಕಸಿಯುವ ಕಾಲ ಬಂತು. 1857ರಲ್ಲಿ ಬ್ರಿಟಿಷರು ಹತಾರಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಸೈನ್ಯ ಬಂತು, ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಜಾನ್ ಫೇತ್‌ಫುಲ್ ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಅವರ ಕಥೆಯೂ ಉಳಿದಿದೆ. ಮುಂದೆ 1878ರ ಆಯುಧ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಲೈಸೆನ್ಸ್ ಪದ್ಧತಿಯನ್ನು ಬಿಗಿಗೊಳಿಸಿತು. ಯುರೋಪಿಯನ್ನರಿಗೆ ಮಾತ್ರ ವಿನಾಯಿತಿ ಇತ್ತು. ಕೊಡಗಿನವರಿಗೆ ದೊರೆತ ವಿನಾಯಿತಿ ಅಪರೂಪದ್ದು. ಅಲ್ಲಿ ಕೈಲ್‌ಪೋಳ್ದ್ ಹಬ್ಬದಲ್ಲಿ ಇಂದಿಗೂ ಬಂದೂಕಿಗೆ ಹೂವಿಟ್ಟು ಪೂಜಿಸುತ್ತಾರೆ. ಆ ಹೂವಿಗೇ ‘ತೋಕ್ ಪೂ’, ಬಂದೂಕಿನ ಹೂ, ಎಂದು ಹೆಸರು. ಆಯುಧ ಮನೆಯಲ್ಲಿ ಉಳಿದ ಕಡೆ ಪದ ಹೂವಿನವರೆಗೂ ಹೋಯಿತು. ಉಳಿಯದ ಕಡೆ ಅದು ಅಧಿಕಾರಿಯ ಸೊಂಟದಲ್ಲೇ ನಿಂತಿತು.

ಹಾಗೆ ಸೊಂಟದಲ್ಲಿ ನಿಂತ ಒಂದು ಆಯುಧದ ಕಥೆ ನಮ್ಮ ಸೀಮೆಗೆ ತೀರ ಹತ್ತಿರದ್ದು. ಚಿತ್ತಾಪುರದ ದಕ್ಷಿಣಕ್ಕೆ, ಈಗಿನ ಯಾದಗಿರಿ ಜಿಲ್ಲೆಯಲ್ಲಿ ಸುರಪುರ ಇದೆ. ಅಲ್ಲಿನ ರಾಜಾ ವೆಂಕಟಪ್ಪ ನ��ಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್. ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ. ಸುರಪುರ ಬಿತ್ತು. ಹೈದರಾಬಾದಿನಲ್ಲಿ ಅವನನ್ನು ಸೆರೆ ಹಿಡಿದು ವಿಚಾರಣೆ ನಡೆಸಿದರು. ಮರಣದಂಡನೆ ಇಳಿದು ಇಳಿದು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸ ಎಂದಾಯಿತು. ಅವನನ್ನು ದಕ್ಷಿಣದ ಕೋಟೆಯೊಂದಕ್ಕೆ ಸಾಗಿಸುವಾಗ ದಾರಿಯ ಬಿಡಾರದಲ್ಲಿ ಗುಂಡಿನ ಸದ್ದಾಯಿತು. ಬೆಂಗಾವಲಿನ ಬ್ರಿಟಿಷ್ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರಿನಿಂದ ರಾಜ ತಾನೇ ಗುಂಡು ಹಾರಿಸಿಕೊಂಡ ಎಂದು ಟೇಲರನ ಆತ್ಮಕಥೆ ಹೇಳುತ್ತದೆ. ಆಗ ಅವನಿಗೆ ಇಪ್ಪತ್ನಾಲ್ಕು ವರ್ಷದೊಳಗಿನ ಪ್ರಾಯ. ಟೇಲರ್ ಆ ಬಿಡಾರದಲ್ಲಿ ಇರಲಿಲ್ಲ, ತಾನು ಕೇಳಿದ್ದನ್ನು ಬರೆದ. ಆ ಆತ್ಮಕಥೆ ಅಚ್ಚಾದದ್ದು 1877ರಲ್ಲಿ. ಸುರಪುರದ ನೆನಪಿನಲ್ಲಿ ಈ ರಾಜ ಹುತಾತ್ಮ.

ಸಂಶೋಧಕಿಯಾಗಿ ನಾನು ಈ ಪ್ರಸಂಗದಲ್ಲಿ ಗಮನಿಸುವುದು ಒಂದನ್ನು. ಗುಡಾರದೊಳಗೆ ಏನಾಯಿತು ಎಂದು ಹೇಳಿದವರು ಯಾರ ಆಯುಧವೋ ಅವರ ಕಡೆಯವರು. ಕೋಟೆಯಲ್ಲಿ ನೂರಾರು ಬಂದೂಕುಗಳಿದ್ದ ನಾಡಿನ ರಾಜನ ಕಡೆಯ ಗುಂಡು ಅವನದಲ್ಲದ ಆಯುಧದಿಂದ ಬಂತು, ಅವನ ಸಾವಿನ ಮಾತೂ ಅವನದಲ್ಲದ ಭಾಷೆಯಲ್ಲಿ ಉಳಿಯಿತು.

ನಿಜಾಮರ ಕಾಲದ ಕೊನೆಯ ದಿನಗಳಿಗೂ ಈ ಮಾತು ಅನ್ವಯಿಸುತ್ತದೆ. 1947–48ರಲ್ಲಿ ರಜಾಕಾರರ ಹಾವಳಿ, 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ, ಆಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆ ಎಲ್ಲವನ್ನೂ ಈ ಸೀಮೆ ಕಂಡಿದೆ. ಸುಂದರಲಾಲ್ ಸಮಿತಿಯ ವರದಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತು. ಪದ ಸಂಗ್ರಹಕ್ಕೆ ಹೋದಾಗ ಹಿರಿಯರು ಆ ದಿನಗಳ ಬಗ್ಗೆ ಹೇಳುವಾಗ ಬರುವುದು ‘ಬಂದೂಕ’ ಎಂಬ ಪದವೇ. ಸೇಡಂ ಕಡೆಯ ಒಬ್ಬ ಮುತ್ಯಾನನ್ನು ಪಿಸ್ತೂಲಿನ ಬಗ್ಗೆ ಕೇಳಿದೆ. ‘ಬಂದೂಕ ಊರಾಗ ಇರತಿತ್ತವ್ವ, ಪಿಸ್ತೂಲ ಸಾಹೇಬರ ಬಲ್ಲಿ ಇರತಿತ್ತು’ ಎಂದರು. ನನ್ನ ಪ್ರಬಂಧದ ಒಂದು ಅಧ್ಯಾಯ ಹೇಳಬೇಕಾದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಎಲೆ ಅಡಿಕೆ ಕಡೆ ತಿರುಗಿದರು.

ವಿಚಾರ ಸಂಕಿರಣಗಳಲ್ಲಿ ನಮ್ಮ ಭಾಗದ ಪದಗಳ ಬಗ್ಗೆ ಮಾತಾಡಿದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: ಇವೆಲ್ಲ ಉರ್ದು, ಇದರಲ್ಲಿ ಕನ್ನಡ ಎಲ್ಲಿದೆ? ಬಂದೂಕು ಬೇಡ ಕೋವಿ ಎನ್ನಿ, ಪಿಸ್ತೂಲು ಬೇಡ ಕಿರುಕೋವಿ ಎನ್ನಿ ಎಂಬ ಸಲಹೆಯೂ ಬರುತ್ತದೆ. ಆಗ ನನಗೆ ಮಳಖೇಡ ನೆನಪಾಗುತ್ತದೆ. ಸೇಡಂ ತಾಲ್ಲೂಕಿನ ಈ ಊರು ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುತ್ತದೆ. ಅದು ಹೆಸರಿಸುವ ಊರುಗಳು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಒಕ್ಕುಂದ. ಗ್ರಂಥ ಹುಟ್ಟಿದ ರಾಜಧಾನಿಯೇ ಆ ಪಟ್ಟಿಯಲ್ಲಿಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆಯೂ ಕಾಗಿಣಾ ದಂಡೆಯ ನಮ್ಮ ಮಾತು ತಿರುಳಿನ ಹೊರಗೇ ಇತ್ತು. ಆದರೂ ಕನ್ನಡವನ್ನು ಕುರಿತ ಮೊದಲ ಚಿಂತನೆ ಹೊರಟದ್ದು ಅಲ್ಲಿಂದಲೇ. ಹಲವು ಮಾತು ಕೂಡುವ ಕಡೆಯಲ್ಲೇ ತನ್ನ ಮಾತು ಯಾವುದು ಎಂಬ ಪ್ರಶ್ನೆ ಏಳುತ್ತದೆ.

ಬಂದೂಕಿನ ವಿಷಯದಲ್ಲಿ ಶುದ್ಧ ಪದ ಹುಡುಕುವುದು ಕಷ್ಟದ ಕೆಲಸ. ತುರ್ಕರ ಪದ ಹಕ್ಕಿ ಹೊಡೆಯುವ ಹುಡುಗರ ಆಟಿಗೆಯದು, ಅರಬ್ಬರ ಪದ ಗ್ರೀಕರ ಕಾಯಿಯದು, ಫ್ರೆಂಚರ ಪದ ಬಹುಶಃ ಬೊಹೆಮಿಯಾದ ಪೀಪಿಯದು. ಎಲ್ಲರೂ ಬೇರೆ ವಸ್ತುವಿನ ಹೆಸರನ್ನು ತಂದು ಇದಕ್ಕೆ ಅಂಟಿಸಿದ್ದಾರೆ. ನಮ್ಮ ಸೀಮೆಯವರು ಬಂದೂಕವನ್ನು ಬಂದೂಕ ಎಂದೇ ಕರೆದು ಅದರ ಕುದುರೆ, ಮದ್ದು, ಗುಂಡುಗಳನ್ನು ಕನ್ನಡದಲ್ಲಿಟ್ಟುಕೊಂಡರು. ಒಂದು ಪದ ಮನೆಮಾತಾಗುವುದು ಹುಟ್ಟಿನಿಂದಲ್ಲ, ಬಳಕೆಯಿಂದ. ಆ ಅಳತೆಯಲ್ಲಿ ಬಂದೂಕ ಕನ್ನಡ. ಕಿರುಕೋವಿಯ ತುಂಡುಗಳೆರಡೂ ಅಚ್ಚಗನ್ನಡವಾದರೂ ಅದು ಇನ್ನೂ ಯಾರ ಮಾತೂ ಆಗಿಲ್ಲ.

ಪಿಸ್ತೂಲು ನಾಡಿನದಾದದ್ದು ಒಂದೇ ದಾರಿಯಲ್ಲಿ, ಕಾನೂನಿನ ಕಣ್ಣು ತಪ್ಪಿಸಿ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದು 7.65 ಎಂ.ಎಂ. ನಾಡ ಪಿಸ್ತೂಲು ಎಂದು ತನಿಖೆ ಹೇಳಿತು. ಶಾಸನ, ವಚನ, ಸ್ಥಳನಾಮ, ಹೆಸರುಗಳ ಹಿಂದಿನ ಇತಿಹಾಸ ಹೀಗೆ ಒಂದು ಪದದ ಎಳೆ ಹಿಡಿದು ಊರು ತಲುಪುವ ವಿಧಾನವನ್ನು ನನ್ನಂಥವರು ಕಲಿತದ್ದು ಅವರ ಪುಸ್ತಕಗಳಿಂದ. ಅವರ ಡಾಕ್ಟರೇಟ್ ಪ್ರಬಂಧದ ವಿಷಯ ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ. ಮಳಖೇಡದಲ್ಲಿ ಹುಟ್ಟಿದ ಗ್ರಂಥದ ಸುತ್ತಲ ಕಾಲವನ್ನು ಕಟ್ಟಿಕೊಟ್ಟವರ ಸಾವಿನ ವರದಿಯಲ್ಲಿ ‘ನಾಡ’ ಎಂಬ ವಿಶೇಷಣ ಬಂದು ಕುಳಿತಿತು. ಅಂದಿನಿಂದ ಆ ಎರಡು ಪದಗಳನ್ನು ಜೊತೆಯಾಗಿ ಓದುವಾಗ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನನ್ನ ಪದಪಟ್ಟಿಯಲ್ಲಿ ಪ್ರತಿ ಪದದ ಎದುರು ಅದು ಎಲ್ಲಿ ಬಳಕೆಯಲ್ಲಿದೆ ಎಂದು ಗುರುತಿಸುವ ಒಂದು ಕಾಲಂ ಇದೆ. ‘ಬಂದೂಕ’ದ ಎದುರು ಬರೆದಿದ್ದೇನೆ: ಮನೆ, ಹೊಲ, ಅಡವಿ, ಕಥೆ. ‘ಭರ್ಮಾರ್’ ಎದುರು: ಹಿರಿಯರ ನೆನಪು. ‘ಪಿಸ್ತೂಲ’ದ ಎದುರು: ಠಾಣೆ, ಪತ್ರಿಕೆ, ಸಿನಿಮಾ. ಅನ್ಯದೇಶ್ಯ ಪದಗಳು ಜನರ ಬಾಯಲ್ಲಿ ಬೆರೆತು ಕನ್ನಡವಾಗುವುದನ್ನು ನೋಡಿ ಸಂತೋಷಪಡುವುದು ನನ್ನ ಕೆಲಸದ ಭಾಗ. ಈ ಒಂದು ಪದದ ಮಟ್ಟಿಗೆ ಮಾತ್ರ, ಆ ಕಾಲಂನಲ್ಲಿ ‘ಮನೆ’ ಎಂದು ಸೇರಿಸುವ ದಿನ ಬಾರದಿರಲಿ.